ಹದಿನೈದು ಲೋಟ ನೀರು ಕುಡಿದು ಮುಕ್ತಾಯಗೊಳಿಸಿದ ದೂರಿನ ಕುರಿತು

ವಲಯ ಕುಡಿಯುವ ನೀರು ವಿತರಣಾ ನಿರ್ದೇಶನಾಲಯ
ಕಡೆಯ ನಳ್ಳಿ ಶಾಖೆ, ಮಂಗಳೂರು

ಸಂಖ್ಯೆ: ವಕುನೀನಿ/ಕನಶಾ/ಲೋಟ-15/ಪರಿಷ್ಕೃತ
ದಿನಾಂಕ: ಮೇ 14

ಸುತ್ತೋಲೆ

ವಿಷಯ: ತಪಾಸಣೆಗೆ ಹೋದ ಸಿಬ್ಬಂದಿಯು ದೂರುದಾರರ ಮನೆಯಲ್ಲಿ ನೀರು-ಬೆಲ್ಲ ಸ್ವೀಕರಿಸುವ ವಿಧಾನ, ‘ಉಂಟು’ ಎಂಬ ಪದದ ಆಡಳಿತಾತ್ಮಕ ಅರ್ಥ, ಹಾಗೂ ತತ್ಸಂಬಂಧ ಇಲಾಖೆಯ ತಲೆಗೆ ಬಂದಿರುವ ಸಾಲದ ಮರುಪಾವತಿ ಬಗ್ಗೆ.

ಉಲ್ಲೇಖ:
1. ಶ್ರೀಮತಿ ರತ್ನಾವತಿ, ಪಡೀಲ್, ಇವರ ದೂರು, ಏಪ್ರಿಲ್ 19 (ನೀರು ಬರುವುದಿಲ್ಲ).
2. ಸದರಿಯವರ ದೂರು, ಏಪ್ರಿಲ್ 22 (ಈಗಲೂ ಬರುವುದಿಲ್ಲ).
3. ಸದರಿಯವರ ದೂರು, ಏಪ್ರಿಲ್ 26 (ಗಾಳಿ ಬರುತ್ತದೆ).
4. ಸ್ಥಳ ತಪಾಸಣಾ ವರದಿ, ಏಪ್ರಿಲ್ 30 (ನೀರು ಸಾಕಷ್ಟಿದೆ, ಬೆಲ್ಲವೂ ಇದೆ).
5. ವಾಲ್ವ್ ಆಪರೇಟರ್ ಶ್ರೀ ಚಿತ್ತರಂಜನ ಇವರ ಸಮಜಾಯಿಷಿ, ಮೇ 8 (ತುಳುವಿನಲ್ಲಿ ಹೇಳಿದ್ದು, ಕನ್ನಡದಲ್ಲಿ ಬರೆದುಕೊಂಡದ್ದು).
6. ದೂರು ಸ್ವೀಕಾರ ವಿಭಾಗದ ಕಚೇರಿ ಟಿಪ್ಪಣಿ, ಮೇ 10.

ಪೀಠಿಕೆ

ತುಳುವರ ಪಗ್ಗು ತಿಂಗಳ ಬಿಸಿಲು ಏರಿ, ಹೊಳೆಯಲ್ಲಿ ಕಲ್ಲುಗಳ ಬೆನ್ನು ಒಂದೊಂದಾಗಿ ಹೊರಬಿದ್ದು, ಅಣೆಕಟ್ಟಿನ ಗೋಡೆಗೆ ಬಳಿದ ಅಳತೆಪಟ್ಟಿಯಲ್ಲಿ ನೀರು ದಿನಕ್ಕೆ ಮೂರು ಬೆರಳಿನಂತೆ ಕೆಳಗಿಳಿಯುತ್ತಿದ್ದ ಕಾಲದಲ್ಲಿ ಈ ಪ್ರಕರಣವು ಉದ್ಭವಿಸಿರುತ್ತದೆ. ಹೊಳೆಯಿಂದ ಎತ್ತಿದ ನೀರನ್ನು ಪಟಿಕ ಹಾಕಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಗುಡ್ಡದ ಮೇಲಿನ ಟ್ಯಾಂಕಿಗೆ ತುಂಬಿಸಿ, ಅಲ್ಲಿಂದ ದಿನ ಬಿಟ್ಟು ದಿನ ಮನೆಮನೆಗೆ ಬಿಡಲಾಗುತ್ತಿದೆ. ಪಡೀಲಿನ ಲೈನಿನಲ್ಲಿ ಬಿಡುವವರು ಶ್ರೀ ಚಿತ್ತರಂಜನ ಅವರು. ಗುತ್ತಿಗೆ ನೌಕರರು. ಇಪ್ಪತ್ತನಾಲ್ಕು ವರ್ಷಗಳಿಂದ ತಾತ್ಕಾಲಿಕ.

ಸದರಿಯವರು ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಟಿ ಆಕಾರದ ನಾಲ್ಕಡಿ ಉದ್ದದ ಕಬ್ಬಿಣದ ಕೀಯನ್ನು ಸ್ಕೂಟರಿನ ಪಕ್ಕಕ್ಕೆ ಹಗ್ಗದಿಂದ ಬಿಗಿದುಕೊಂಡು, ಒಂದೊಂದೇ ಚೇಂಬರಿನ ಮುಚ್ಚಳ ಸರಿಸಿ, ಕೀ ಇಳಿಸಿ, ಸುತ್ತು ಎಣಿಸುತ್ತಾ ತಿರುಗಿಸುವುದು ವಾಡಿಕೆ. ತಿರುಗಿಸಿ ಮುಗಿದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಕೀಯ ತಲೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳುವುದೂ ವಾಡಿಕೆ. ನೀರು ತುಂಬಿ ಹೋಗುತ್ತಿದ್ದರೆ ಕಬ್ಬಿಣದಲ್ಲಿ ಹಸು ಮೇವು ಅಗಿಯುವಂಥ ಸದ್ದು, ಗಾಳಿ ಸೇರಿದ್ದರೆ ಉಬ್ಬಸದವರು ಮೆಟ್ಟಿಲು ಹತ್ತುವಂಥ ಸದ್ದು ಬರುತ್ತದೆಂದು ಸದರಿಯವರು ತಿಳಿಸಿರುತ್ತಾರೆ. ಕಿವಿಯು ಇಲಾಖೆಯ ಉಪಕರಣಗಳ ಪಟ್ಟಿಯಲ್ಲಿ ಇಲ್ಲದ ಕಾರಣ ಇದನ್ನು ಪರಿಶೀಲಿಸಲಾಗಿಲ್ಲ.

ಕಳೆದ ವರ್ಷದವರೆಗೆ ಯಾವ ವಾಲ್ವ್ ಎಷ್ಟು ಸುತ್ತು ಎಂಬುದು ಚಿತ್ತರಂಜನರ ತಲೆಯಲ್ಲಿತ್ತು. ಈ ವರ್ಷದಿಂದ ಅದು ಕಚೇರಿಯ ಕಂಪ್ಯೂಟರಿನಲ್ಲಿದೆ. ಅದರ ಪ್ರಕಾರ ತಗ್ಗಿನ ಅಪಾರ್ಟ್‌ಮೆಂಟುಗಳಿಗೆ ಹೋಗುವ ನಾಲ್ಕನೇ ವಾಲ್ವಿಗೆ ಹನ್ನೆರಡು ಸುತ್ತು. ಆ ತಗ್ಗನ್ನು ದಾಟಿ ಎದುರಿನ ಏರು ಹತ್ತುವ ಏಳನೇ ವಾಲ್ವಿಗೆ ಮೂರು ಸುತ್ತು. ತಗ್ಗಿನಲ್ಲೇ ನೀರು ಕುಡಿದು ಮುಗಿಸಿದರೆ ಏರಿಗೆ ಎಂತ ಹತ್ತುತ್ತದೆ ಎಂದು ಚಿತ್ತರಂಜನರು ಕೇಳಿದ್ದು, ಕಂಪ್ಯೂಟರಿನಲ್ಲಿ ಏರು ಇಲ್ಲ, ಎಲ್ಲಾ ನೆಲವೂ ಸಮತಟ್ಟಾಗಿದೆ ಎಂದು ಅವರಿಗೆ ತಿಳಿಸಲಾಗಿರುತ್ತದೆ.

ಏರಿನ ತುದಿಯಲ್ಲಿರುವುದು ಲೈನಿನ ಕಡೆಯ ನಳ್ಳಿ. ಅದು ಶ್ರೀಮತಿ ರತ್ನಾವತಿಯವರ ಮನೆಯದು. ಸದರಿಯವರು ಕೊಡಿಯಾಲ್‌ಬೈಲಿನ ಒಂದು ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಪ್ರತಿದಿನ ಬೆಳಿಗ್ಗೆ ನೂರ ಎಂಬತ್ತು ನೀರು ದೋಸೆ ಹುಯ್ದು ಕೊಡುತ್ತಾರೆ. ಮಗಳು ಸಂಚಿತಾ ಅದನ್ನು ಬಾಳೆಲೆ ಹಾಸಿದ ಡಬ್ಬದಲ್ಲಿಟ್ಟು ಸ್ಕೂಟರಿನಲ್ಲಿ ಮುಟ್ಟಿಸುತ್ತಾರೆ. ಮನೆ ನಡೆಯುವುದು ಅದರಲ್ಲೇ. ನಳ್ಳಿಯ ನೀರಿನಲ್ಲೇ ಹಿಟ್ಟು ಕಲಸಬೇಕೆಂಬುದು ಹಾಸ್ಟೆಲಿನ ವಾರ್ಡನರ ಷರತ್ತು. ಹಿಂದೊಮ್ಮೆ ಎಲ್ಲಿಯೋ ಬಾವಿ ನೀರು ಕುಡಿದು ಹುಡುಗಿಯರಿಗೆ ಹೊಟ್ಟೆ ಕೆಟ್ಟಿತ್ತಂತೆ. ಏಪ್ರಿಲ್ ಹದಿನೈದರ ನಂತರ ಆ ನಳ್ಳಿಯಲ್ಲಿ ನೀರು ಬಂದಿಲ್ಲ. ತಿರುಗಿಸಿದರೆ ಒಮ್ಮೆ ಕೆಮ್ಮುತ್ತದೆ, ಅಷ್ಟೆ. ದೋಸೆಗೆಂದು ಸಂಚಿತಾ ಉರ್ವದಲ್ಲಿರುವ ಚಿಕ್ಕಮ್ಮನ ಮನೆಯ ನಳ್ಳಿಯಿಂದ ಎರಡು ಕ್ಯಾನ್ ನೀರನ್ನು ದಿನವೂ ಸ್ಕೂಟರಿನಲ್ಲಿ ಹೊತ್ತು ತರುತ್ತಿದ್ದರು. ಕುಡಿಯಲಿಕ್ಕೆ, ಅಡುಗೆಗೆ, ಪಕ್ಕದ ಮನೆಯ ಶ್ರೀಮತಿ ಮಗ್ದಲೀನ್ ಅವರ ಬಾವಿಯಿಂದ ದಿನಕ್ಕೆರಡು ಕೊಡಪಾನ ಸಾಲ. ನೀರು ಬಂದ ದಿನ ವಾಪಸು ಕೊಡ್ತೇನೆ ಬಾಯಮ್ಮ ಎಂದು ರತ್ನಾವತಿಯವರೂ, ಕೊಡುವುದು ಇರ್ಲಿ ರತ್ನಕ್ಕ, ಬಾವಿಯ ತಳದ ಕಲ್ಲು ಕಾಣ್ತಾ ಉಂಟು ಎಂದು ಮಗ್ದಲೀನರೂ ಮಾತಾಡಿಕೊಂಡಿರುವುದು ತಿಳಿದುಬಂದಿದೆ.

ಮೂರು ದೂರುಗಳ ನಂತರ ಏಪ್ರಿಲ್ 30ರಂದು ಮಧ್ಯಾಹ್ನ ಹನ್ನೆರಡೂವರೆಗೆ ಏಳು ಜನರ ತಪಾಸಣಾ ತಂಡವು ಸದರಿ ಮನೆಗೆ ಭೇಟಿ ನೀಡಿತು. ಸಹಾಯಕ ಎಂಜಿನಿಯರ್ ಶ್ರೀ ಅಲೆಕ್ಸ್, ಟ್ಯಾಬ್ ಹಿಡಿದಿದ್ದ ದೂರು ವಿಭಾಗದ ಶ್ರೀಮತಿ ನಾಝಿಮಾ, ಪ್ರಯೋಗಾಲಯದ ಇಬ್ಬರು, ಮೀಟರ್ ಓದುವವರೊಬ್ಬರು, ಚಾಲಕರು, ಮತ್ತು ದಾರಿ ತೋರಿಸಲು ಚಿತ್ತರಂಜನರು. ಜೀಪು ಏರು ಹತ್ತದ ಕಾರಣ ತೊಂಬತ್ತೆರಡು ಮೆಟ್ಟಿಲುಗಳನ್ನು ನಡೆದೇ ಹತ್ತಲಾಯಿತು. ಗೇಟಿನ ಬಳಿ ಶ್ರೀ ಅಲೆಕ್ಸ್ ಅವರು ಬೆವರು ಒರೆಸುತ್ತಾ, ಅಕ್ಕಾ, ಕುಡಿಯಲಿಕ್ಕೆ ನೀರು ಉಂಟಾ, ಎಂದು ಕೇಳಿದರು. ಉಂಟು ಉಂಟು, ಬನ್ನಿ, ಕುಳಿತುಕೊಳ್ಳಿ, ಎಂದು ರತ್ನಾವತಿಯವರು ಉತ್ತರಿಸಿದರು.

ಇಲಾಖೆಯ ತಪಾಸಣಾ ನಮೂನೆಯ ಒಂದನೇ ಪ್ರಶ್ನೆಯು ‘ಕುಡಿಯಲಿಕ್ಕೆ ನೀರು ಉಂಟಾ?’ ಎಂದೇ ಇದ್ದು, ಟ್ಯಾಬು ಮಾತನ್ನು ತಾನಾಗಿ ಕೇಳಿ ಬರೆದುಕೊಳ್ಳುವಂಥದ್ದಾದ್ದರಿಂದ, ಪ್ರಶ್ನೆಯೂ ಉತ್ತರವೂ ದಾಖಲಾಗಿ, ತಂಡವು ಚಪ್ಪಲಿ ಕಳಚುವ ಮೊದಲೇ ದೂರು ಮುಕ್ತಾಯಗೊಂಡಿತು.

ಆಮೇಲೆ ಹಿತ್ತಾಳೆಯ ತಟ್ಟೆಯಲ್ಲಿ ಬೆಲ್ಲದ ತುಂಡುಗಳೂ, ಲೋಟಗಳಲ್ಲಿ ತಣ್ಣಗಿನ ನೀರೂ ಬಂದವು. ಐವರು ತಲಾ ಎರಡು ಲೋಟ, ಚಾಲಕರು ನಾಲ್ಕು ಲೋಟ ಕುಡಿದರು. ಚಿತ್ತರಂಜನರು ಒಂದು ಲೋಟ. ಮೊದಲ ಗುಟುಕಿಗೇ ಅವರಿಗೆ ಅದು ಯಾರ ಬಾವಿಯೆಂದು ತಿಳಿಯಿತು. ಉಗುಳುವಂತಿಲ್ಲ, ಇಡುವಂತಿಲ್ಲ. ಒಳಗೆ ಹೋಗುವಾಗ ಅಡುಗೆಮನೆಯ ಮೂಲೆಯಲ್ಲಿ ಒಂದು ಕೊಡಪಾನ ಬೋರಲು ಬಿದ್ದಿದ್ದನ್ನೂ, ಇನ್ನೊಂದರ ಬಾಯಿಗೆ ಬಟ್ಟೆ ಕಟ್ಟಿದ್ದನ್ನೂ, ರತ್ನಾವತಿಯವರು ಆ ಬಟ್ಟೆಯನ್ನೂ ಬಿಚ್ಚುತ್ತಿದ್ದುದನ್ನೂ ಅವರು ನೋಡಿದ್ದರು. ಲೋಟದ ತಳದವರೆಗೆ ಯಾರನ್ನೂ ನೋಡದೆ ಕುಡಿದರು.

ಪ್ರಯೋಗಾಲಯದವರು ಅದೇ ನೀರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದರು. ಇಲಾಖೆಯ ನೀರಾದರೆ ಹಳದಿಯಾಗಬೇಕು. ಆಗಲಿಲ್ಲ. ಸರ್, ಇದು ನಮ್ಮ ನೀರಲ್ಲ, ಎಂದು ಚಿತ್ತರಂಜನರು ಹೇಳಿದರು. ನೀರಿಗೆ ನಮ್ಮದು ನಿಮ್ಮದು ಅಂತ ಉಂಟಾ ಮಾರಾಯ, ಎಂದು ಶ್ರೀ ಅಲೆಕ್ಸ್ ಹೇಳಿದ್ದು, ಈ ವಿಶಾಲ ಮನೋಭಾವವನ್ನು ಅವರ ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ. ವರದಿಯಲ್ಲಿ, ‘ನೀರು ಬಣ್ಣರಹಿತ, ವಾಸನೆರಹಿತ, ಸಿಹಿ’ ಎಂದು ಬರೆಯಲಾಯಿತು.

ಮರುದಿನ ರತ್ನಾವತಿಯವರು ದೂರವಾಣಿ ಮಾಡಿದಾಗ, ನೀವೇ ಉಂಟು ಅಂದಿದ್ದೀರಲ್ಲ ಅಕ್ಕ, ಇಲ್ಲಿ ಮುಗಿದಿದೆ ಅಂತ ತೋರಿಸ್ತಾ ಉಂಟು, ನಾನು ಎಂತ ಮಾಡ್ಲಿ, ಎಂದು ಶ್ರೀಮತಿ ನಾಝಿಮಾ ತಿಳಿಸಿದರು. ಮನೆಗೆ ಬಂದವರು ನೀರು ಕೇಳಿದರೆ ಇಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ತದಾ ಮಾರಾಯ್ತಿ, ನಿನಗೆ ಬರ್ತದಾ, ಎಂದು ರತ್ನಾವತಿಯವರು ಕೇಳಿದರು. ಈ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇರುವುದಿಲ್ಲ. ಶ್ರೀಮತಿ ನಾಝಿಮಾ ನಿಯಮಾವಳಿಯ ಪುಟ ತಿರುಗಿಸುವ ಸದ್ದು ಧ್ವನಿಮುದ್ರಣದಲ್ಲಿ ಕೇಳಿಬರುತ್ತದೆ.

ಮೇ 5ರ ಸಂಜೆ ಉರ್ವದ ಚಿಕ್ಕಮ್ಮನ ಮನೆಯ ನಳ್ಳಿಯೂ ನಿಂತಿತು. ನಾಳೆ ಮಧ್ಯಾಹ್ನದೊಳಗೆ ಖಾತ್ರಿ ಹೇಳದಿದ್ದರೆ ದೋಸೆಗೆ ಬೇರೆ ಜನ ನೋಡ್ತೇವೆ ಎಂದು ವಾರ್ಡನರು ಹೇಳಿಕಳಿಸಿದರು. ಮೇ 6ರ ಬೆಳಿಗ್ಗೆ ಐದೂ ಹತ್ತಕ್ಕೆ ಸದರಿ ಚಿತ್ತರಂಜನರು ನಾಲ್ಕನೇ ವಾಲ್ವನ್ನು, ಯಾವುದೇ ಆದೇಶವಿಲ್ಲದೆ, ಐದು ಸುತ್ತು ಬಿಗಿ ಮಾಡಿದರು. ಏಳನೆಯದನ್ನು ಪೂರ್ತಿ ತೆರೆದರು. ಕೀಗೆ ಕಿವಿಯಿಟ್ಟು ಕುಳಿತರು. ಕಡೆಯ ನಳ್ಳಿಯಲ್ಲಿ ಇಪ್ಪತ್ತೆರಡು ನಿಮಿಷ ನೀರು ಬಂತು. ತುಂಬಿದ ಮೊದಲ ಎರಡು ಕೊಡಪಾನಗಳನ್ನು ರತ್ನಾವತಿಯವರು ಮಗ್ದಲೀನರ ಮನೆಗೆ ಹೊತ್ತುಕೊಂಡು ಹೋದರು. ದೋಸೆ ಆಮೇಲೆ ಹುಯ್ದರು. ಡಬ್ಬ ಅರ್ಧ ಗಂಟೆ ತಡವಾಗಿ ಮುಟ್ಟಿತು. ಇಷ್ಟರಲ್ಲಿ ತಗ್ಗಿನ ಒಂದು ಅಪಾರ್ಟ್‌ಮೆಂಟಿನ ಗೇಟಿನ ಎದುರಿನ ಕಾರಂಜಿಯು ನಿಂತುಹೋಗಿ, ಅದರೊಳಗಿನ ಸಿಮೆಂಟಿನ ಕೊಕ್ಕರೆ ಒಣಗಿದ್ದರಿಂದ, ಕಾರ್ಯದರ್ಶಿಗಳು ತೀವ್ರ ಆಕ್ಷೇಪ ಸಲ್ಲಿಸಿರುತ್ತಾರೆ.

ಚಿತ್ತರಂಜನರಿಂದ ಸಮಜಾಯಿಷಿ ಕೇಳಲಾಯಿತು. ಅದು ಇಂತಿದೆ: ‘ಎಂತ ಹೇಳುವುದು ಸರ್. ನಾನು ಅವರ ಮನೆಯಲ್ಲಿ ಒಂದು ಲೋಟ ನೀರು ಕುಡಿದಿದ್ದೇನೆ. ಅದು ಅವರಿಗೇ ಸಾಲ ಬಂದ ನೀರು. ಆರನೇ ತಾರೀಕು ಬೆಳಿಗ್ಗೆ ಅವರು ಚೇಂಬರಿನ ಹತ್ತಿರ ಬಂದು, ನೀರು ಕೊಟ್ಟವಳು ನಾನು, ಬಿಡುವವ ನೀನು, ಇದೆಂಥ ಕೆಲಸ ಚಿತ್ತಣ್ಣ ಅಂತ ಕೇಳಿದರು. ಬೈದಿದ್ದರೆ ಅಡ್ಡಿ ಇರಲಿಲ್ಲ. ನಗಾಡಿಕೊಂಡು ಕೇಳಿದರು. ತಿರುಗಿಸಿದೆ.’

ಮೇಲ್ಕಂಡ ಎಲ್ಲಾ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಎಲ್ಲಾ ಸಿಬ್ಬಂದಿ ಹಾಗೂ ಬಳಕೆದಾರರ ಅವಗಾಹನೆಗಾಗಿ ಈ ಕೆಳಗಿನಂತೆ ಸೂಚಿಸಲಾಗಿದೆ:

1. ‘ಉಂಟು’ ಎಂದರೆ ಇದೆ. ಯಾರದ್ದು, ಎಲ್ಲಿಂದ ಬಂತು, ಎಷ್ಟು ಉಳಿದಿದೆ ಎಂಬ ವಿಚಾರಗಳು ಪದದ ವ್ಯಾಪ್ತಿಗೆ ಬರತಕ್ಕದ್ದಲ್ಲ. ಒಮ್ಮೆ ‘ಉಂಟು’ ಎಂದರೆ ದಿನ ಬಿಟ್ಟು ದಿನದ ಪೂರೈಕೆ ಎಂದೂ, ‘ಉಂಟು ಉಂಟು’ ಎಂದು ಎರಡು ಬಾರಿ ಹೇಳಿದರೆ ದಿನದ ಇಪ್ಪತ್ತನಾಲ್ಕು ಗಂಟೆಯ ಪೂರೈಕೆ ಎಂದೂ ಪರಿಗಣಿಸತಕ್ಕದ್ದು. ಸದರಿ ನಿಯಮದಂತೆ ಶ್ರೀಮತಿ ರತ್ನಾವತಿಯವರ ಮನೆಯನ್ನು ನಿರಂತರ ನೀರು ಪೂರೈಕೆಯ ಮಾದರಿ ಮನೆ ಎಂದು ಘೋಷಿಸಲಾಗಿದ್ದು, ಫಲಕವನ್ನು ತೂಗುಹಾಕಲು ಮೊಳೆಯನ್ನು ಬಳಕೆದಾರರೇ ಒದಗಿಸತಕ್ಕದ್ದು.

2. ‘ಉಂಟಲ್ಲ’, ‘ಉಂಟಂತೆ’, ‘ಎಂತ ಉಂಟು’ ಹಾಗೂ ‘ಉಂಟಾ ಇಲ್ವಾ ನೀವೇ ನೋಡಿ’ ಎಂಬ ರೂಪಗಳ ಬಗ್ಗೆ ಭಾಷಾ ಉಪಸಮಿತಿಯ ವರದಿ ಬರುವವರೆಗೆ ಅವುಗಳನ್ನು ‘ಉಂಟು’ ಎಂದೇ ಓದಿಕೊಳ್ಳತಕ್ಕದ್ದು. ಕೇವಲ ‘ಇಲ್ಲ’ ಎಂಬ ಉತ್ತರವನ್ನು ಮಾತ್ರ ‘ಇಲ್ಲ’ ಎಂದು ಪರಿಗಣಿಸಬಹುದು. ಆದರೆ ಅದು ನಗುಮುಖದಿಂದ ಹೇಳಿದ್ದಾಗಿರಬಾರದು.

3. ಬಾಯಾರಿದ ಅಧಿಕಾರಿಗಳು ನಮೂನೆಯ ಒಂದನೇ ಪ್ರಶ್ನೆಯನ್ನು ಕೇಳತಕ್ಕದ್ದಲ್ಲ. ತಪಾಸಣೆಗೆ ಹೊರಡುವ ಮುನ್ನ ಕಚೇರಿಯಲ್ಲೇ ನೀರು ಕುಡಿದು, ಬಾಯಾರಿಕೆ ಇಲ್ಲವೆಂದು ಚಾಲಕರಿಂದ ದೃಢೀಕರಣ ಪಡೆಯತಕ್ಕದ್ದು. ಕಚೇರಿಯಲ್ಲಿ ಕುಡಿಯಲು ಇಟ್ಟಿರುವ ಇಪ್ಪತ್ತು ಲೀಟರಿನ ಖಾಸಗಿ ಕ್ಯಾನುಗಳನ್ನು ಇನ್ನು ಮುಂದೆ ‘ಹೋಲಿಕೆ ಮಾದರಿ’ ಎಂದು ಕರೆಯತಕ್ಕದ್ದು. ಸಾರ್ವಜನಿಕರು ಬಂದಾಗ ಅವುಗಳ ಮೇಲೆ ಕಡತಗಳನ್ನು ಒರಗಿಸಿಡತಕ್ಕದ್ದು.

4. ಈ ಊರಿನ ಮನೆಗಳಲ್ಲಿ ಬಂದವರಿಗೆ ನೀರು-ಬೆಲ್ಲ ಕೊಡುವುದು ರೂಢಿಯಾಗಿರುವುದರಿಂದಲೂ, ಬೇಡವೆಂದರೆ ಮನೆಯವರ ಮುಖ ಸಣ್ಣದಾಗುವುದು ಕಂಡುಬಂದಿರುವುದರಿಂದಲೂ, ಸಿಬ್ಬಂದಿಯು ಕೊಟ್ಟದ್ದನ್ನು ಕುಡಿಯತಕ್ಕದ್ದು. ಆದರೆ ಬಳಕೆದಾರರಿಂದ ನೀರು ಪಡೆಯುವುದು ಇಲಾಖೆಯ ಉದ್ದೇಶಕ್ಕೆ ತಲೆಕೆಳಗಾದುದರಿಂದ, ಕುಡಿದ ಪ್ರತಿಯೊಂದು ಲೋಟವನ್ನೂ ಇಲಾಖೆಯು ಪಡೆದ ಸಾಲವೆಂದು ‘ಲೋಟ ವಹಿ’ಯಲ್ಲಿ ಅಂದಂದೇ ನಮೂದಿಸತಕ್ಕದ್ದು. ಇಲಾಖೆಯು ಬೆಲ್ಲ ಪೂರೈಸುವುದಿಲ್ಲವಾದ್ದರಿಂದ ಬೆಲ್ಲದ ತುಂಡಿಗೆ ಹೊಣೆಯಿಲ್ಲ.

5. ನಳ್ಳಿಯಿಂದ ಹೊರಬರುವ ಗಾಳಿಯನ್ನು ‘ದಾರಿಯಲ್ಲಿರುವ ನೀರು’ ಎಂದು ಕರೆಯತಕ್ಕದ್ದು. ಗಾಳಿಗೂ ಮೀಟರಿನ ಮುಳ್ಳು ತಿರುಗುತ್ತಿರುವುದು ಉಪಕರಣದ ಸೂಕ್ಷ್ಮತೆಗೆ ಸಾಕ್ಷಿ. ಸದರಿ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಇಂಥ ಹನ್ನೊಂದು ಸಾವಿರ ಲೀಟರ್ ಬಳಕೆಯಾಗಿದ್ದು, ಮಿತವಾಗಿ ಬಳಸುವಂತೆ ತಿಳಿವಳಿಕೆ ನೀಡಲಾಗಿದೆ.

6. ಯಾವುದೇ ಮನೆಯಲ್ಲಿ ನೀರು ದೋಸೆ ಹುಯ್ಯುತ್ತಿರುವುದು ಕಂಡುಬಂದಲ್ಲಿ, ದೋಸೆಯ ಹೆಸರಿನಲ್ಲೇ ನೀರು ಇರುವ ಕಾರಣ, ಅದನ್ನು ನೀರು ಪೂರೈಕೆಗೆ ಮೇಲ್ನೋಟದ ಪುರಾವೆಯೆಂದು ಸ್ವೀಕರಿಸತಕ್ಕದ್ದು. ದೂರು ಬಾಕಿಯಿರುವ ಮನೆಗಳವರು ತೀರ್ಮಾನವಾಗುವವರೆಗೆ ಕೋಳಿ ಸಾರಿನೊಂದಿಗೆ ತಿನ್ನುವ ಒಣ ರೊಟ್ಟಿಯನ್ನೇ ಬಳಸುವುದು. ಸಾರನ್ನು ಗಟ್ಟಿಯಾಗಿಯೇ ಇಡುವುದು. ಸಸ್ಯಾಹಾರಿಗಳ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

7. ಪರೀಕ್ಷೆಯ ಹನಿಗೆ ನೀರು ಹಳದಿಯಾದರೆ ಕ್ಲೋರಿನ್ ಇದೆ, ನೀರು ಸುರಕ್ಷಿತ. ಹಳದಿಯಾಗದಿದ್ದರೆ ಕ್ಲೋರಿನ್ ಹಾಕುವ ಅಗತ್ಯವೇ ಬೀಳದಷ್ಟು ಸುರಕ್ಷಿತ. ಮೂರನೇ ಬಗೆಯ ಫಲಿತಾಂಶ ಬಂದಲ್ಲಿ ಸೀಸೆಯನ್ನು ತೊಳೆದಿಡತಕ್ಕದ್ದು. ತೊಳೆಯಲು ನೀರಿಲ್ಲದಿದ್ದರೆ ಒರೆಸಿಡತಕ್ಕದ್ದು.

8. ಕರ್ತವ್ಯದ ಅವಧಿಯಲ್ಲಿ ಸಿಬ್ಬಂದಿಯು ವಾಲ್ವಿನ ಕೀಗೆ ಕಿವಿಯಿಟ್ಟು ಕೇಳತಕ್ಕದ್ದಲ್ಲ. ಕೇಳಿಸಿದರೂ ನಂಬತಕ್ಕದ್ದಲ್ಲ.

9. (ಈ ಕಲಂನ ಕರಡು ಹೋಲಿಕೆ ಮಾದರಿ ಸೋರಿ ಒದ್ದೆಯಾಗಿದ್ದು, ಕಚೇರಿಯ ತಾರಸಿಯಲ್ಲಿ ಒಣಗಿಸಲಾಗುತ್ತಿದೆ. ಒಣಗಿದ ನಂತರ ಪೂರ್ವಾನ್ವಯವಾಗಿ ಜಾರಿಗೆ ಬರತಕ್ಕದ್ದು.)

10. ಬಳಕೆದಾರರು ನೆರೆಮನೆಯಿಂದ ಕೊಡಪಾನದಲ್ಲಿ ನೀರು ತರುವುದು ಪರವಾನಗಿ ಇಲ್ಲದ ಸಮಾನಾಂತರ ವಿತರಣೆಯಾಗಿರುತ್ತದೆ. ಈ ಪ್ರಕಾರ ಶ್ರೀಮತಿ ಮಗ್ದಲೀನ್ ಅವರನ್ನು ಉಪ-ವಿತರಕರೆಂದು ನೋಂದಾಯಿಸಿಕೊಳ್ಳಲಾಗಿದ್ದು, ಸದರಿಯವರು ತಮ್ಮ ಬಾವಿಯಲ್ಲಿ ವರ್ಷವಿಡೀ ಒಂದೇ ಮಟ್ಟವನ್ನು ಕಾಯ್ದುಕೊಂಡು, ಹಗ್ಗದ ಉದ್ದವನ್ನು ತಿಂಗಳಿಗೊಮ್ಮೆ ಈ ಕಚೇರಿಗೆ ವರದಿ ಮಾಡತಕ್ಕದ್ದು. ನೋಟಿಸು ತಲುಪಿಸಲು ಹೋದವರಿಗೆ ಸದರಿಯವರು, ಮಟ್ಟ ಬೇಕಾದರೆ ನೀವೇ ಇಳಿದು ಹಿಡಿದುಕೊಳ್ಳಿ ಮಾರಾಯ್ರೇ, ಏಣಿ ಕೊಡ್ತೇನೆ, ಎಂದು ಹೇಳಿದ್ದು, ಇದನ್ನು ಸಹಕಾರದ ಭರವಸೆ ಎಂದು ಪರಿಗಣಿಸಲಾಗಿದೆ.

11. ಸದರಿ ಶ್ರೀಮತಿ ಮಗ್ದಲೀನ್ ಅವರು ಮೇ 6ರಂದು ಎರಡು ಕೊಡಪಾನ ಇಲಾಖೆಯ ನೀರನ್ನು ಸ್ವೀಕರಿಸಿದ್ದು, ವಿಚಾರಿಸಿದಾಗ, ರತ್ನಕ್ಕ ತಂದದ್ದು ಬೇಡ ಅಂತ ಹೇಳಿದ್ರೆ ಅವರು ನಾಳೆಯಿಂದ ನನ್ನಲ್ಲಿಗೆ ಕೇಳ್ಲಿಕ್ಕೆ ಬರುವುದಿಲ್ಲ, ಹಾಗೆ ತೆಗೆದುಕೊಂಡೆ, ನಮಗೂ ಕುಡಿಯಲಿಕ್ಕೆ ಬೇಕಿತ್ತು, ಎಂದಿರುತ್ತಾರೆ. ಇದರಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಲಾಗುತ್ತಿದೆ.

12. ಕಾರಂಜಿಯ ಕೊಕ್ಕರೆಗೆ ಆದ ತೊಂದರೆಗಾಗಿ ಇಲಾಖೆಯು ವಿಷಾದಿಸುತ್ತದೆ. ಮುಂದೆ ಇಂಥ ಸಂದರ್ಭ ಬಂದಲ್ಲಿ ಕೊಕ್ಕರೆಯ ಮೇಲೆ ಒದ್ದೆ ಗೋಣಿ ಹೊದಿಸತಕ್ಕದ್ದು.

13. ಸಾಲದ ಮರುಪಾವತಿ: ತಂಡವು ಏಪ್ರಿಲ್ 30ರಂದು ಕುಡಿದ ಹದಿನೈದು ಲೋಟಗಳನ್ನು ಕಲಂ 4ರಂತೆ ಲೋಟ ವಹಿಯ ಮೊದಲ ನಮೂದಾಗಿ ಬರೆಯಲಾಗಿದೆ. ಹಿಂದಿರುಗಿಸುವ ಬಗೆ ಯಾವುದೆಂದು ಉಲ್ಲೇಖ 6ರ ಟಿಪ್ಪಣಿಯಲ್ಲಿ ಶ್ರೀಮತಿ ನಾಝಿಮಾ ಅವರು (ಸದರಿಯವರ ಪಾಲು ಎರಡು ಲೋಟ) ಈ ಕೆಳಗಿನ ಅಂಶಗಳನ್ನು ಮಂಡಿಸಿದ್ದು, ಅವುಗಳಲ್ಲಿ ದೋಷ ಕಂಡುಬಾರದ ಕಾರಣ ಅನುಮೋದಿಸಲಾಗಿದೆ:

(ಅ) ಇಲಾಖೆಯು ನೀರನ್ನು ನಳ್ಳಿಯ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಕೊಡಲು ಅಧಿಕಾರ ಹೊಂದಿಲ್ಲ. ಆದ್ದರಿಂದ ಸಾಲವನ್ನು ನಳ್ಳಿಯ ಮೂಲಕವೇ ತೀರಿಸತಕ್ಕದ್ದು.

(ಆ) ಬೇಸಿಗೆಯ ಅಭಾವವಿರುವುದರಿಂದ ಹದಿನೈದು ಲೋಟಗಳನ್ನು ಒಂದೇ ಬಾರಿಗೆ ಬಿಡುಗಡೆ ಮಾಡುವುದು ವಿವೇಕವಲ್ಲ. ದಿನಕ್ಕೊಂದು ಲೋಟದಂತೆ ಹದಿನೈದು ಕಂತುಗಳಲ್ಲಿ, ಭಾನುವಾರವೂ ಸೇರಿ, ದೋಸೆಯ ಹೊತ್ತಿಗೆ ಮುಂಚೆ ತೀರಿಸತಕ್ಕದ್ದು.

(ಇ) ಕಡೆಯ ನಳ್ಳಿಯಲ್ಲಿ ಒಂದು ಲೋಟ ಬೀಳಬೇಕಾದರೆ ಏರಿನ ಪೈಪು ಪೂರ್ತಿ ತುಂಬಬೇಕೆಂದೂ, ಅದಕ್ಕಾಗಿ ನಾಲ್ಕನೇ ವಾಲ್ವನ್ನು ಐದು ಸುತ್ತು ಬಿಗಿ ಮಾಡಬೇಕೆಂದೂ, ತುಂಬಿದ ಪೈಪು ಖಾಲಿಯಾಗಲು ಕನಿಷ್ಠ ಇಪ್ಪತ್ತೆರಡು ನಿಮಿಷ ಬೇಕೆಂದೂ ತಾಂತ್ರಿಕವಾಗಿ ತಿಳಿದುಬಂದಿದೆ. ಒಂದು ಲೋಟದ ನಂತರ ಬೀಳುವ ನೀರು ‘ಮರುಪಾವತಿಯ ಆನುಷಂಗಿಕ ವೆಚ್ಚ’ವಾಗಿರುತ್ತದೆ. ಅದು ಯಾರ ಕೊಡಪಾನಕ್ಕೆ ಬೀಳುತ್ತದೆಂಬುದನ್ನು ಇಲಾಖೆಯು ನೋಡತಕ್ಕದ್ದಲ್ಲ.

(ಈ) ಲೋಟ ವಹಿಯಲ್ಲಿ ಒಂದೇ ಒಂದು ಲೋಟ ಬಾಕಿ 
ಇರುವವರೆಗೂ ಕಂತುಗಳನ್ನು ನಿಲ್ಲಿಸತಕ್ಕದ್ದಲ್ಲ. ಮುಕ್ತಾಯಗೊಂಡ ದೂರನ್ನು ಪುನಃ ತೆರೆಯಲು ಅವಕಾಶವಿಲ್ಲದಿದ್ದರೂ, ತೆರೆದ ಸಾಲವನ್ನು ಮುಚ್ಚದೆ ಇಡಲು ನಿಯಮಗಳಲ್ಲಿ ಯಾವ ಅಡ್ಡಿಯೂ ಕಂಡುಬಂದಿಲ್ಲ.

14. ಆದೇಶವಿಲ್ಲದೆ ಐದು ಸುತ್ತು ತಿರುಗಿಸಿದ ಶ್ರೀ ಚಿತ್ತರಂಜನರಿಗೆ ಈ ಮೂಲಕ ಎಚ್ಚರಿಕೆ ನೀಡಲಾಗಿದ್ದು, ದಂಡನೆಯಾಗಿ ಕಲಂ 13ರ ಎಲ್ಲಾ ಕಂತುಗಳನ್ನು ತೀರಿಸುವ ಹೆಚ್ಚುವರಿ ಕೆಲಸವನ್ನು ಸದರಿಯವರಿಗೇ ವಹಿಸಲಾಗಿದೆ. ಪ್ರತಿದಿನ ಕಂತು ಬಿಟ್ಟ ನಂತರ ಖುದ್ದಾಗಿ ತೊಂಬತ್ತೆರಡು ಮೆಟ್ಟಿಲು ಹತ್ತಿ, ಲೋಟ ತುಂಬಿದ್ದನ್ನು ಕಣ್ಣಾರೆ ನೋಡಿ, ವಹಿಯಲ್ಲಿ ಬರೆದು ಬರತಕ್ಕದ್ದು. ಸದರಿಯವರ ಗುತ್ತಿಗೆಯು ಮೇ 31ಕ್ಕೆ ಮುಗಿಯಲಿದ್ದು, ಸಾಲ ಪೂರ್ತಿ ತೀರುವವರೆಗೆ ಅದನ್ನು ಮುಂದುವರಿಸುವುದು ಅನಿವಾರ್ಯವೆಂದು ಲೆಕ್ಕ ವಿಭಾಗವು ಅಭಿಪ್ರಾಯಪಟ್ಟಿದೆ.

15. ತುಳುವರು ಮಳೆಗಾಲದ ಹೊಸ್ತಿಲೆಂದು ಎಣಿಸುವ, ಮೇ ಕೊನೆಯ ಪತ್ತನಾಜೆಯ ನಂತರ ಮಳೆ ಬಂದಲ್ಲಿ, ಬಳಕೆದಾರರ ಅಂಗಳಕ್ಕೆ ಬೀಳುವ ನೀರನ್ನು ಇಲಾಖೆಯ ಪೂರೈಕೆಯೆಂದು ತೋರಿಸುವ ಪ್ರಸ್ತಾವವು ಪರಿಶೀಲನೆಯಲ್ಲಿದೆ.

ಈ ಸುತ್ತೋಲೆಯನ್ನು ಅಕ್ಷರಶಃ ಪಾಲಿಸತಕ್ಕದ್ದು. ಅರ್ಥವಾಗದ ಕಲಂಗಳನ್ನು ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

(ಸಹಿ ಇದೆ, ಓದಲು ಬರುವುದಿಲ್ಲ)
ಶಾಖಾಧಿಕಾರಿ
ಕಡೆಯ ನಳ್ಳಿ ಶಾಖೆ

ಪ್ರತಿಗಳು:
1. ಸಹಾಯಕ ಎಂಜಿನಿಯರ್ ಶ್ರೀ ಅಲೆಕ್ಸ್, ಮಾಹಿತಿಗಾಗಿ. ನೀರು ಕುಡಿದು ಓದುವುದು.
2. ಶ್ರೀಮತಿ ನಾಝಿಮಾ, ದೂರು ಸ್ವೀಕಾರ ವಿಭಾಗ. ಕಲಂ 13ರ ಕರಡನ್ನು ಇಷ್ಟು ಬೇಗ ಹೇಗೆ ತಯಾರಿಸಿದಿರೆಂದು ಬಿಡುವಾದಾಗ ತಿಳಿಸುವುದು.
3. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು. ಗೋಣಿ ಲಗತ್ತಿಸಿದೆ.
4. ಶ್ರೀಮತಿ ಮಗ್ದಲೀನ್, ಉಪ-ವಿತರಕರು. ಏಣಿ ಸದ್ಯಕ್ಕೆ ಬೇಡ.
5. ಹಾಸ್ಟೆಲಿನ ವಾರ್ಡನರು. ನೀರು ದೋಸೆಗೆ ಬಳಸುವ ನೀರು ನಳ್ಳಿಯದ್ದೇ ಎಂಬುದಕ್ಕೆ ಖಾತ್ರಿಯಾಗಿ.
6. ಭಾಷಾ ಉಪಸಮಿತಿ (ಇನ್ನೂ ರಚನೆಯಾಗಿಲ್ಲ).
7. ಶ್ರೀಮತಿ ರತ್ನಾವತಿ, ಮಾದರಿ ಮನೆ. ಶ್ರೀ ಚಿತ್ತರಂಜನರ ಮುಖಾಂತರ ಖುದ್ದಾಗಿ.
8. ಕಚೇರಿ ಪ್ರತಿ.

ಕಚೇರಿ ಪ್ರತಿಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ಜಾರಿ ಷರಾ:

‘ಮೇ 15, ಬೆಳಿಗ್ಗೆ. ಒಂದನೇ ಕಂತು ಬಿಟ್ಟಾಯಿತು. ಕಿವಿ ಇಟ್ಟಿಲ್ಲ, ಕೀ ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು. ಮೆಟ್ಟಿಲು ಹತ್ತಿ ಹೋಗಿ ನೋಡಿದೆ, ಲೋಟ ತುಂಬಿದೆ. ಆನುಷಂಗಿಕ ವೆಚ್ಚ ಹದಿನಾಲ್ಕು ಕೊಡಪಾನ, ಅದರಲ್ಲಿ ಎರಡು ಮಗ್ದಲೀನ್ ಬಾಯಮ್ಮನ ಮನೆಗೆ. ಕಾಗದ ಕೊಟ್ಟೆ. ರತ್ನಕ್ಕ ಒಲೆಯ ಎದುರು ಇದ್ದರು, ಆಮೇಲೆ ಓದ್ತೇನೆ, ಮೊದಲು ಕೂತ್ಕೋ ಅಂದರು. ನೀರು-ಬೆಲ್ಲ ಕೊಟ್ಟರು. ಕಲಂ 4 ಪ್ರಕಾರ ಬೇಡ ಅನ್ನಲಿಲ್ಲ. ಕ್ಲೋರಿನ್ ವಾಸನೆ ಉಂಟು, ನಮ್ಮದೇ ನೀರು. ತೀರಿಸಿದ್ದು ಒಂದು ಲೋಟ, ಕುಡಿದದ್ದು ಒಂದು ಲೋಟ. ನಾಳೆಯೂ ಕೊಡದೆ ಬಿಡುವವರಲ್ಲ. ಬಾಕಿ ಹದಿನೈದು ಹಾಗೆಯೇ ಉಂಟು.

ಚಿತ್ತರಂಜನ, ವಾಲ್ವ್.’